ಶಾಲೆಯಲ್ಲಿ ಹಬ್ಬ ಮಾಡುವಾಗ: ಒಂದು ಮಗುವೂ ಹೊರಗುಳಿಯಬಾರದು, ಒಂದು ಮಗುವಿಗೂ ಪೆಟ್ಟಾಗಬಾರದು

ಹಬ್ಬಗಳ ಸಾಲು ಶುರುವಾಗುವ ಹೊತ್ತಿಗೆ ಶಾಲೆಗಳಲ್ಲಿ ಪ್ರತಿ ವರ್ಷ ಅದೇ ಎಡವಟ್ಟು. ಮೊದಲು ಅಲಂಕಾರ ಆಗುತ್ತದೆ. ಆಮೇಲೆ ಕಾರ್ಯಕ್ರಮದ ಪಟ್ಟಿ ಬರುತ್ತದೆ. ತಿಂಡಿ ಯಾರು ತರಬೇಕು ಅಂತ ಮೆಸೇಜ್ ಹೋಗುತ್ತದೆ. ಹಿಂದಿನ ದಿನ ಸಂಜೆ ಒಬ್ಬ ತಾಯಿ ಫೋನ್ ಮಾಡುತ್ತಾರೆ: "ಮೇಡಂ, ನಾವು ಈ ಹಬ್ಬ ಮಾಡಲ್ಲ. ನಾಳೆ ನನ್ನ ಮಗಳು ಏನ್ ಮಾಡ್ಬೇಕು?" ಇನ್ನೊಬ್ಬರು ಆಗ ಶೇಂಗಾ ಅಲರ್ಜಿಯ ವಿಷಯ ಹೇಳುತ್ತಾರೆ. ಅಷ್ಟು ಹೊತ್ತಿಗೆ ಉಳಿಯುವುದು ಒಂದೇ ದಾರಿ, ಆ ಮಗುವನ್ನು ಲೈಬ್ರರಿಯಲ್ಲಿ ಕೂರಿಸುವುದು.

ಇಲ್ಲಿ ಯಾರಿಗೂ ಕೆಟ್ಟ ಮನಸ್ಸಿಲ್ಲ. ಕೆಲಸದ ಕ್ರಮ ತಲೆಕೆಳಗಾಗಿದೆ, ಅಷ್ಟೆ. ಕೇಳುವುದು ಮೊದಲು, ತೀರ್ಮಾನ ಆಮೇಲೆ, ಅಲಂಕಾರ ಕೊನೆಗೆ. ಇದೊಂದು ಕ್ರಮ ಸರಿಯಾದರೆ ಅರ್ಧಕ್ಕಿಂತ ಜಾಸ್ತಿ ತೊಂದರೆ ತಾನಾಗಿಯೇ ಕರಗುತ್ತದೆ.

ಇನ್ನೊಂದು ಮಾತು. ಎಲ್ಲರನ್ನೂ ಸೇರಿಸಿಕೊಳ್ಳುವ ಕೆಲಸ ಒಬ್ಬರಿಗೆ, ಸುರಕ್ಷತೆ ಇನ್ನೊಬ್ಬರಿಗೆ ಅಂತ ಹಂಚಬೇಡಿ. ಅಲರ್ಜಿ ಇರುವ ಮಗು, ಉಪವಾಸ ಇರುವ ಮಗು, ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುವ ಮಗು, ಇವರೆಲ್ಲರ ವಿಷಯದಲ್ಲಿ ಅವೆರಡೂ ಒಂದೇ ಕೆಲಸ.

ಮೊದಲೇ ಎತ್ತಿಟ್ಟುಕೊಳ್ಳಬೇಕಾದ್ದು

ಎಲ್ಲ ಧರ್ಮಗಳ ಹಬ್ಬಗಳಿರುವ ಒಂದು ಕ್ಯಾಲೆಂಡರ್. ಮನೆಗೆ ಕಳಿಸುವ ಒಂದು ಪುಟದ ಫಾರ್ಮ್. ಪ್ರತಿ ತರಗತಿಯ ಅಲರ್ಜಿ ಮತ್ತು ಔಷಧಿ ಪಟ್ಟಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಗಟ್ಟಿಯಾದ ಒಂದು ಏಣಿ. ಟಾರ್ಚು. ಒಂದು ನೋಟ್‌ಬುಕ್. ಇವುಗಳ ಜೊತೆಗೆ ಎಲ್ಲದಕ್ಕೂ ಉತ್ತರ ಹೇಳುವ ಒಬ್ಬ ವ್ಯಕ್ತಿ ಬೇಕು. ಆ ಒಬ್ಬರ ಹೆಸರು ಸ್ಟಾಫ್ ರೂಮಿನ ಬೋರ್ಡಿನ ಮೇಲೆ ಬರೆದಿರಲಿ.

1. ಆರು ವಾರ ಮೊದಲು: ಕ್ಯಾಲೆಂಡರ್ ಹಿಡಿದು ಕೂರಿ

ಹಬ್ಬದ ತಿಂಗಳಲ್ಲಿ ಯಾವ ಯಾವ ದಿನಗಳು ಬರುತ್ತವೆ ಅಂತ ಗುರುತು ಹಾಕಿ. ಹೋದ ವರ್ಷದ ಪಟ್ಟಿಯನ್ನೇ ಈ ವರ್ಷಕ್ಕೂ ನಕಲು ಮಾಡುವುದು ಮೊದಲ ತಪ್ಪು. ಇಸ್ಲಾಮಿಕ್ ಕ್ಯಾಲೆಂಡರ್ ಚಂದ್ರನ ಮೇಲೆ ನಡೆಯುತ್ತದೆ. ಹಾಗಾಗಿ ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಈದ್ ಚಂದ್ರ ಕಂಡ ಮೇಲೆ ನಿರ್ಧಾರವಾಗುವುದರಿಂದ ಒಂದು ದಿನ ಆಚೀಚೆ ಆಗಬಹುದು. ಯಹೂದಿಗಳ ಹಬ್ಬಗಳು ಹಿಂದಿನ ಸಂಜೆ ಸೂರ್ಯ ಮುಳುಗಿದಾಗಲೇ ಶುರುವಾಗುತ್ತವೆ. ಕ್ಯಾಲೆಂಡರಿನಲ್ಲಿ ಮರುದಿನದ ತಾರೀಕು ನೋಡಿ ಆ ಸಂಜೆಗೆ ಪೋಷಕರ ಸಭೆ ಇಟ್ಟರೆ ಆ ಮನೆಯವರು ಬರುವುದಿಲ್ಲ.

ಈಗ ಪರೀಕ್ಷೆ, ಕ್ರೀಡಾದಿನ, ಪ್ರವಾಸ, ಪ್ರಾಜೆಕ್ಟ್ ಕೊಡಬೇಕಾದ ಕೊನೆಯ ದಿನ, ಎಲ್ಲವನ್ನೂ ಆ ಗುರುತುಗಳ ಪಕ್ಕದಲ್ಲಿಟ್ಟು ನೋಡಿ. ಡಿಕ್ಕಿಯಾಗುವುದನ್ನು ಸರಿಸಿ. ಸರಿಸಲು ಆಗದಿದ್ದರೆ ಆ ಮಕ್ಕಳಿಗೆ ಇನ್ನೊಂದು ದಿನ ಕೊಡುತ್ತೇವೆ ಅಂತ ಈಗಲೇ ಬರೆದು ಕಳಿಸಿ. ಅವರು ಬಂದು ಕೇಳಲಿ ಅಂತ ಕಾಯಬೇಡಿ. ಎಷ್ಟೋ ಮನೆಯವರು ಕೇಳುವುದೇ ಇಲ್ಲ.

2. ಐದು ವಾರ ಮೊದಲು: ಮನೆಯವರನ್ನು ಕೇಳಿ

ಫಾರ್ಮ್ ಒಂದೇ ಪುಟ ಇರಲಿ. "ನಿಮ್ಮ ಧರ್ಮ ಯಾವುದು?" ಅಂತ ಕೇಳಬೇಡಿ. ಅದರಿಂದ ನಿಮಗೆ ಬೇಕಾದ ಉತ್ತರ ಸಿಗುವುದೂ ಇಲ್ಲ. ಒಂದೇ ಧರ್ಮದ ಎರಡು ಮನೆಗಳಲ್ಲಿ ಎರಡು ಥರದ ನಡವಳಿಕೆ ಇರುತ್ತದೆ. ಈ ಐದು ಪ್ರಶ್ನೆ ಸಾಕು:

ನಿಮ್ಮ ಮಗು ಮನೆಯಲ್ಲಿ ಉಳಿಯುವ ಅಥವಾ ಉಪವಾಸ ಇರುವ ದಿನಗಳು ಯಾವುವು? ಮಗು ಯಾವುದಾದರೂ ಹಾಡು, ವೇಷ, ಕೈಕೆಲಸ, ಉಡುಗೊರೆಯಿಂದ ದೂರ ಇರಬೇಕೇ? ತಿನ್ನಬಾರದ ಅಥವಾ ಮುಟ್ಟಬಾರದ ವಸ್ತು ಏನಾದರೂ ಇದೆಯೇ? ಜೋರು ಸದ್ದು, ಮಿನುಗುವ ದೀಪ, ಜನಜಂಗುಳಿಯಿಂದ ತೊಂದರೆ ಆಗುತ್ತದೆಯೇ? ಈ ದಿನಗಳಲ್ಲಿ ಮಗುವಿನ ಬಗ್ಗೆ ನಮಗೆ ಗೊತ್ತಿರಬೇಕಾದ ಬೇರೆ ಏನಾದರೂ ಇದೆಯೇ?

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಈ ವರ್ಷ ಅಪ್ಪ ತೀರಿಕೊಂಡ ಮನೆ, ಅಪ್ಪ ಅಮ್ಮ ಬೇರೆಯಾದ ಮನೆ, ಕೆಲಸ ಹೋದ ಮನೆ, ಇದೆಲ್ಲ ಬರುವುದು ಆ ಖಾಲಿ ಸಾಲಿನಲ್ಲೇ. ಅದನ್ನು ಓದಿದವರು "ಅಪ್ಪನಿಗೊಂದು ಗ್ರೀಟಿಂಗ್ ಕಾರ್ಡ್ ಮಾಡಿ" ಅಂತ ತರಗತಿಯಲ್ಲಿ ಹೇಳುವುದಿಲ್ಲ. "ನಿಮಗೆ ಇಷ್ಟವಾದ ಒಬ್ಬರಿಗೆ" ಅನ್ನುತ್ತಾರೆ.

ಮನೆಯವರು ಓದುವ ಭಾಷೆಯಲ್ಲೇ ಫಾರ್ಮ್ ಕಳಿಸಿ. ಓದಲು ಬರದವರಿಗೆ ಫೋನ್ ಮಾಡಿ. ವಾಪಸ್ ಬರದ ಫಾರ್ಮನ್ನು "ತೊಂದರೆ ಇಲ್ಲ" ಅಂತ ಲೆಕ್ಕ ಹಾಕಬೇಡಿ.

ತರಗತಿಯಲ್ಲಿ ನಿಂತು "ಈ ಹಬ್ಬ ಮಾಡದವರು ಕೈ ಎತ್ತಿ" ಅನ್ನುವುದು ನಾನು ಕಂಡ ಅತಿ ಕೆಟ್ಟ ಪದ್ಧತಿ. ಆ ಕ್ಷಣದಲ್ಲಿ ಮಗು ಸುತ್ತ ನೋಡುತ್ತದೆ. ಯಾರೂ ಎತ್ತದಿದ್ದರೆ ತಾನೂ ಎತ್ತುವುದಿಲ್ಲ.

3. ನಾಲ್ಕು ವಾರ ಮೊದಲು: ಏನು ಮಾಡುತ್ತೀರಿ ಅಂತ ತೀರ್ಮಾನಿಸಿ

ಎಲ್ಲರೂ ಎಡವುವ ಜಾಗ ಇದೇ. ನಿಧಾನವಾಗಿ ಓದಿ.

ಒಂದು ಹಬ್ಬದ ಬಗ್ಗೆ ಕಲಿಯುವುದು ಬೇರೆ, ಆ ಹಬ್ಬವನ್ನು ಮಾಡುವುದು ಬೇರೆ. "ಈ ಹಬ್ಬದಲ್ಲಿ ಜನ ದೀಪ ಹಚ್ಚುತ್ತಾರೆ, ಅದಕ್ಕೆ ಅವರು ಹೇಳುವ ಕಾರಣ ಇದು" ಅನ್ನುವುದು ಪಾಠ. "ಬನ್ನಿ, ಎಲ್ಲರೂ ಕೈ ಮುಗಿಯೋಣ" ಅನ್ನುವುದು ಆಚರಣೆ. ಪಾಠಕ್ಕೆ ಹೆಚ್ಚಿನ ಮನೆಗಳಿಂದ ಆಕ್ಷೇಪ ಬರುವುದಿಲ್ಲ. ಆಚರಣೆಗೆ ಬರಬಹುದು, ಆಕ್ಷೇಪಿಸುವ ಹಕ್ಕೂ ಅವರಿಗಿದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿ ಮಗುವಿನ ಆಲೋಚನೆ, ಆತ್ಮಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯವನ್ನು ಗೌರವಿಸಬೇಕು ಅನ್ನುತ್ತದೆ. ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಥದ ಮನೆಯ ಮಕ್ಕಳು ಕ್ರಿಸ್ಮಸ್ ಮಾತ್ರ ಅಲ್ಲ, ಹುಟ್ಟುಹಬ್ಬವನ್ನೂ ಆಚರಿಸುವುದಿಲ್ಲ. ಅವರ ಮಟ್ಟಿಗೆ "ಸುಮ್ನೆ ಒಂದು ಟೋಪಿ ಹಾಕ್ಕೋ" ಅನ್ನುವುದು ಸಣ್ಣ ಮಾತಲ್ಲ.

ಪ್ರತಿ ಚಟುವಟಿಕೆಗೂ ಈ ಮೂರು ಪ್ರಶ್ನೆ ಹಾಕಿ. ನನ್ನ ತರಗತಿಯ ಪ್ರತಿ ಮಗುವೂ ಇದನ್ನು ಮನೆಗೆ ಹೋಗಿ ಧೈರ್ಯವಾಗಿ ಹೇಳಬಹುದೇ? ದುಡ್ಡು ಖರ್ಚು ಮಾಡದೆ ಇದರಲ್ಲಿ ಸೇರಬಹುದೇ? ಗಾಲಿಕುರ್ಚಿಯಲ್ಲಿರುವ, ಕಿವಿ ಮಂದ ಇರುವ, ಸದ್ದಿಗೆ ಬೆದರುವ ಮಗುವಿಗೆ ಇದರಲ್ಲಿ ನಿಜವಾದ ಪಾತ್ರ ಇದೆಯೇ? ಒಂದಕ್ಕೆ "ಇಲ್ಲ" ಬಂದರೂ ಚಟುವಟಿಕೆಯನ್ನು ಬದಲಿಸಿ. ಮಗುವನ್ನು ಬದಲಿಸಲು ಹೋಗಬೇಡಿ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ, ಹಬ್ಬದ ದಿನ ಫೈಲ್ ತರಲು ಲೈಬ್ರರಿಗೆ ಹೋಗಿದ್ದೆ. ಎರಡನೇ ತರಗತಿಯ ಹುಡುಗನೊಬ್ಬ ಒಬ್ಬನೇ ಕೂತಿದ್ದ. ಎದುರಿಗೆ ಚಿತ್ರದ ಪುಸ್ತಕ ತೆರೆದಿತ್ತು. ಅರ್ಧ ಗಂಟೆ ಬಿಟ್ಟು ಮತ್ತೆ ಹೋದರೂ ಅದೇ ಪುಟ. ಪಕ್ಕದ ಸಭಾಂಗಣದಿಂದ ಹಾಡು ಕೇಳಿಸುತ್ತಿತ್ತು. ಮೇಜಿನ ಕೆಳಗೆ ಅವನ ಕಾಲು ಆ ಹಾಡಿಗೆ ತಾಳ ಹಾಕುತ್ತಿತ್ತು. ಅವನ ಮನೆಯವರು ಹಾಡಿಗೆ ಬೇಡ ಅಂದಿರಲಿಲ್ಲ, ಒಂದು ಪೂಜೆಗೆ ಮಾತ್ರ ಬೇಡ ಅಂದಿದ್ದರು. ನಾವು ಸರಿಯಾಗಿ ಕೇಳಿಸಿಕೊಳ್ಳದೆ ಇಡೀ ದಿನವನ್ನೇ ಅವನಿಂದ ಕಿತ್ತುಕೊಂಡಿದ್ದೆವು.

ಅದಕ್ಕೇ ಹೇಳುವುದು, ಯಾರೂ ಎದ್ದು ಹೋಗಬೇಕಾಗದ ಕಾರ್ಯಕ್ರಮವನ್ನೇ ಮೊದಲು ಹುಡುಕಿ. ಬೆಳಕು, ಋತು, ಸಹಾಯ, ಕೃತಜ್ಞತೆ, ಅಜ್ಜ ಅಜ್ಜಿಯರ ಕತೆ, ಇಂಥ ವಿಷಯದ ಸುತ್ತ ಕಟ್ಟಿದ ದಿನ ಎಲ್ಲರಿಗೂ ಸೇರುತ್ತದೆ. ಹಾಗಂತ ಹಬ್ಬದ ಹೆಸರನ್ನೇ ಎತ್ತಬಾರದು ಅಂತಲ್ಲ. ಎಲ್ಲವನ್ನೂ ಒರೆಸಿ ಹಾಕಿ ಬಣ್ಣವಿಲ್ಲದ ಒಂದು "ಸಂಭ್ರಮ ದಿನ" ಮಾಡಿದರೆ ಯಾರಿಗೂ ಅದು ತಮ್ಮದು ಅನ್ನಿಸುವುದಿಲ್ಲ. ವರ್ಷ ಪೂರ್ತಿ ಬೇರೆ ಬೇರೆ ಹಬ್ಬಗಳ ಪಾಠ ಹಂಚಿಕೊಂಡಿರಲಿ. ಒಂದಕ್ಕೆ ಇಡೀ ವಾರ, ಇನ್ನೊಂದಕ್ಕೆ ಬೋರ್ಡಿನ ಮೂಲೆಯಲ್ಲಿ ಒಂದು ಚಿತ್ರ, ಹೀಗಾಗದಂತೆ ನೋಡಿಕೊಳ್ಳಿ. ಮಕ್ಕಳು ಇದನ್ನು ಅಳೆಯುತ್ತಾರೆ.

ಇಲ್ಲಿ ಮತ್ತೆ ಮತ್ತೆ ಆಗುವ ಇನ್ನೆರಡು ತಪ್ಪು. ಒಂದು, "ನಿಮ್ಮ ಹಬ್ಬ ಅಲ್ವಾ, ನೀನೇ ಎದ್ದು ನಿಂತು ಹೇಳು" ಅಂತ ಒಂದು ಮಗುವನ್ನು ಇಡೀ ಸಮುದಾಯದ ಪ್ರತಿನಿಧಿ ಮಾಡುವುದು. ಮಗು ತಾನಾಗಿ ಹೇಳಲು ಬಂದರೆ ಸಂತೋಷ. ಎಳೆದು ನಿಲ್ಲಿಸಬೇಡಿ. ಎರಡು, ಉಡುಗೊರೆ ಬದಲಾಯಿಸಿಕೊಳ್ಳುವ ಆಟ. ಎಷ್ಟೇ ಮಿತಿ ಹಾಕಿದರೂ ಒಬ್ಬರ ಪೊಟ್ಟಣ ದೊಡ್ಡದು, ಇನ್ನೊಬ್ಬರದು ಚಿಕ್ಕದು ಆಗುತ್ತದೆ. ಮಾಡಲೇಬೇಕಿದ್ದರೆ ಶಾಲೆಯ ಕಾಗದ, ಶಾಲೆಯ ಬಣ್ಣದಲ್ಲಿ, ತರಗತಿಯಲ್ಲೇ ಕೂತು ಮಾಡಿದ ಕಾರ್ಡು ಸಾಕು.

4. ಮೂರು ವಾರ ಮೊದಲು: ತಿಂಡಿಯ ತೀರ್ಮಾನ

ನನ್ನ ಅಭಿಪ್ರಾಯ ಕೇಳಿದರೆ, ತರಗತಿಯಲ್ಲಿ ತಿಂಡಿಯೇ ಬೇಡ. ಆಟ, ಹಾಡು, ಕತೆಯಿಂದಲೂ ದಿನ ತುಂಬುತ್ತದೆ. ತಿಂಡಿ ಇರಲೇಬೇಕು ಅಂತಾದರೆ ಈ ನಿಯಮಗಳನ್ನು ಸಡಿಲಿಸಬೇಡಿ.

ಮುಚ್ಚಿದ ಪ್ಯಾಕೆಟ್, ಅದರ ಮೇಲೆ ಒಳಗಿನ ಪದಾರ್ಥಗಳ ಪಟ್ಟಿ. ಮನೆಯಲ್ಲಿ ಮಾಡಿದ್ದು ಎಷ್ಟೇ ರುಚಿಯಾಗಿದ್ದರೂ ಅದರಲ್ಲಿ ಏನೇನಿದೆ ಅಂತ ಶಿಕ್ಷಕರಿಗೆ ಗೊತ್ತಾಗುವುದಿಲ್ಲ. ಶೇಂಗಾ, ಗೋಡಂಬಿ ಬಾದಾಮಿಯಂಥ ಬೀಜಗಳು, ಹಾಲು, ಮೊಟ್ಟೆ, ಗೋಧಿ, ಸೋಯಾ, ಎಳ್ಳು, ಮೀನು, ಸಿಗಡಿ ಏಡಿ, ತೀವ್ರ ಅಲರ್ಜಿ ತರುವವುಗಳಲ್ಲಿ ಇವೇ ಮುಖ್ಯ. ಹೋದ ವರ್ಷ ಕೊಟ್ಟ ಪ್ಯಾಕೆಟ್ಟೇ ಅಂತ ನಂಬಬೇಡಿ. ಕಂಪನಿಗಳು ಪದಾರ್ಥ ಬದಲಿಸುತ್ತವೆ. ಪ್ರತಿ ಸಲ ಓದಿ. ಜೆಲಾಟಿನ್ ಪ್ರಾಣಿಗಳಿಂದ ಬರುತ್ತದೆ. ಮೆತ್ತಗಿನ ಮಿಠಾಯಿಗಳಲ್ಲಿ ಅದು ಇರಬಹುದು. ಸಸ್ಯಾಹಾರಿ ಮನೆಯವರು, ಹಲಾಲ್ ಅಥವಾ ಯಹೂದಿಗಳ ಆಹಾರ ನಿಯಮವಾದ ಕೋಷರ್ ಪಾಲಿಸುವವರು ಅದನ್ನು ಬೇಡ ಅನ್ನಬಹುದು.

ತಿಂದ ಮೇಲೆ ಸೋಪು ನೀರಿನಲ್ಲಿ ಕೈ ತೊಳೆಸಿ. ಸ್ಯಾನಿಟೈಸರ್ ಹಚ್ಚಿದರೆ ಶೇಂಗಾದ ಅಂಶ ಕೈಯಿಂದ ಹೋಗುವುದಿಲ್ಲ. ಕೈಕೆಲಸದ ಸಾಮಾನನ್ನೂ ನೋಡಿ. ಆಟದ ಹಿಟ್ಟಿನಲ್ಲಿ ಗೋಧಿ ಇರುತ್ತದೆ. ಖಾಲಿ ಮೊಟ್ಟೆ ಟ್ರೇ, ಹಾಲಿನ ಡಬ್ಬಿ, ಬೀಜದ ಸಿಪ್ಪೆಗಳಿಂದಲೂ ಅಲರ್ಜಿ ಆಗಬಹುದು.

ತೀವ್ರ ಅಲರ್ಜಿ ಆದ ಕೂಡಲೇ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಪೆನ್ ಇರುವ ಮಗುವಿನ ಪೆನ್ ಬೀಗ ಹಾಕಿದ ಬೀರುವಿನಲ್ಲಿ ಇರಬಾರದು. ಸಭಾಂಗಣಕ್ಕೆ ಹೋದರೆ ಸಭಾಂಗಣಕ್ಕೆ, ಮೈದಾನಕ್ಕೆ ಹೋದರೆ ಮೈದಾನಕ್ಕೆ, ಮಗುವಿನ ಜೊತೆಗೇ ಅದೂ ಹೋಗಬೇಕು. ಅವಧಿ ಮುಗಿದಿದೆಯಾ ಅಂತ ಇವತ್ತೇ ನೋಡಿ.

ಉಪವಾಸ ಇರುವ ಮಗುವಿಗೆ ಊಟದ ಹೊತ್ತಿನಲ್ಲಿ ಎಲ್ಲಿ ಕೂರಬೇಕು ಅನ್ನುವ ಆಯ್ಕೆ ಕೊಡಿ. ಕೆಲವರು ಗೆಳೆಯರ ಜೊತೆಗೇ ಕೂರುತ್ತಾರೆ, ಕೆಲವರಿಗೆ ಬೇರೆ ಕೋಣೆ ಬೇಕು. ಓಟದ ಪೀರಿಯಡ್ ಹಗುರ ಮಾಡಿ. ತಲೆಸುತ್ತು, ಗೊಂದಲ, ಕುಸಿಯುವ ಲಕ್ಷಣ ಕಂಡರೆ ನೆರಳಿನಲ್ಲಿ ಮಲಗಿಸಿ, ನೀರು ಕೊಡಿ, ಮನೆಗೆ ಫೋನ್ ಮಾಡಿ. ಈ ವಿಷಯ ಮನೆಯವರ ಜೊತೆ ಮೊದಲೇ ಮಾತಾಡಿಕೊಂಡಿದ್ದರೆ ಆ ಹೊತ್ತಿನಲ್ಲಿ ಯಾರಿಗೂ ಹಿಂಜರಿಕೆ ಆಗುವುದಿಲ್ಲ.

5. ಒಂದು ವಾರ ಮೊದಲು: ಈಗ ಅಲಂಕಾರ

ಮೊದಲು ಬಾಗಿಲು. ಹೊರಹೋಗುವ ಬಾಗಿಲಿಗೆ, ಅದರ ಮೇಲಿನ ಫಲಕಕ್ಕೆ, ಬೆಂಕಿ ನಂದಿಸುವ ಸಿಲಿಂಡರಿಗೆ, ಹೊಗೆ ಎಚ್ಚರಿಕೆ ಯಂತ್ರಕ್ಕೆ, ಸ್ವಿಚ್ ಬೋರ್ಡಿಗೆ ಯಾವ ಅಲಂಕಾರವೂ ಬೇಡ. ಕಾರಿಡಾರಿನಲ್ಲಿ ಮೇಜು, ಕಮಾನು, ಗಿಡದ ಕುಂಡ ಇಡಬೇಡಿ. ಹೊಗೆ ತುಂಬಿದಾಗ ಮಕ್ಕಳು ಗೋಡೆ ತಡವಿಕೊಂಡು ಬರುವ ದಾರಿ ಅದು.

ಕಾಗದ ಎಷ್ಟು ಅಂಟಿಸಬಹುದು ಅನ್ನುವುದಕ್ಕೂ ಲೆಕ್ಕ ಇದೆ. ಅಮೆರಿಕದ ಅಗ್ನಿ ಸುರಕ್ಷತಾ ಸಂಹಿತೆ ಎನ್‌ಎಫ್‌ಪಿಎ 101, ಸ್ಪ್ರಿಂಕ್ಲರ್ (ಬೆಂಕಿ ಬಿದ್ದಾಗ ತಾನಾಗಿ ನೀರು ಚಿಮ್ಮಿಸುವ ವ್ಯವಸ್ಥೆ) ಇಲ್ಲದ ಶಾಲೆಯಲ್ಲಿ ಗೋಡೆಯ ಶೇ 20ರಷ್ಟು, ಇದ್ದರೆ ಶೇ 50ರಷ್ಟು ಮಾತ್ರ ಅನ್ನುತ್ತದೆ. ನಿಮ್ಮಲ್ಲಿ ಬೇರೆ ನಿಯಮ ಇದ್ದರೆ ಅದನ್ನು ಪಾಲಿಸಿ. ನಿಯಮವೇ ಸಿಗದಿದ್ದರೆ ಐದರಲ್ಲಿ ಒಂದು ಭಾಗ ಅನ್ನುವುದು ಒಳ್ಳೆಯ ಅಳತೆ. ಛಾವಣಿಯಿಂದ ಕಾಗದದ ಮಾಲೆ ಇಳಿಬಿಡುವುದು ಬೇಡ.

ಮೇಣದಬತ್ತಿ, ಎಣ್ಣೆ ದೀಪ ತರಗತಿಯಲ್ಲಿ ಬೇಡವೇ ಬೇಡ. ಬ್ಯಾಟರಿ ದೀಪ ಇಡಿ. ಆದರೆ ಅದರ ಬ್ಯಾಟರಿ ಡಬ್ಬಿಗೆ ಸ್ಕ್ರೂ ಇದೆಯಾ ಅಂತ ನೋಡಿ. ಹಾಡುವ ಗ್ರೀಟಿಂಗ್ ಕಾರ್ಡು, ಮಿನುಗುವ ಬ್ಯಾಡ್ಜುಗಳಲ್ಲಿ ನಾಣ್ಯದಂಥ ಬಟನ್ ಸೆಲ್ ಇರುತ್ತದೆ. ಅದು ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. ಚಿಕ್ಕ ಮಕ್ಕಳ ಕೋಣೆಗೆ ಇವು ಬರುವುದೇ ಬೇಡ.

ಸೀರಿಯಲ್ ಸೆಟ್ ಹಾಕುವ ಮೊದಲು ಉದ್ದಕ್ಕೂ ಬೆರಳಾಡಿಸಿ ನೋಡಿ, ಪ್ಲಗ್ ಹಾಕದೆ. ಸಿಪ್ಪೆ ಎದ್ದ ತಂತಿ, ಒಡೆದ ಬಲ್ಬು ಕಂಡರೆ ಎಸೆಯಿರಿ. ಇನ್ಸುಲೇಶನ್ ಟೇಪ್ ಸುತ್ತಿ ಉಳಿಸಿಕೊಳ್ಳಲು ಹೋಗಬೇಡಿ. ಒಂದು ಎಕ್ಸ್‌ಟೆನ್ಷನ್ ಬಾಕ್ಸಿಗೆ ಇನ್ನೊಂದನ್ನು ಸಿಕ್ಕಿಸಬೇಡಿ. ತಂತಿಯನ್ನು ಚಾಪೆ, ಕಾರ್ಪೆಟ್ ಕೆಳಗೆ ಹಾಯಿಸಬೇಡಿ. ನಾನೊಮ್ಮೆ ವೇದಿಕೆಯ ಹತ್ತಿರ ಬರಿಗಾಲಲ್ಲಿ ನಡೆಯುವಾಗ ಕಾರ್ಪೆಟ್ ಒಂದು ಕಡೆ ಬೆಚ್ಚಗಿತ್ತು. ಎತ್ತಿ ನೋಡಿದರೆ ಅಡಿಯಲ್ಲಿ ಸುರುಳಿ ಸುತ್ತಿಟ್ಟ ವೈರು, ಅದರ ಹೊದಿಕೆ ಮೆತ್ತಗಾಗಿತ್ತು. ಅದರ ಮೇಲೆ ನಲವತ್ತು ಮಕ್ಕಳು ಕೂರುವವರಿದ್ದರು.

ದೀಪ ಮಿನುಗುವ ಬದಲು ಒಂದೇ ಸಮನೆ ಉರಿಯುವಂತೆ ಇಡಿ. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಮಿನುಗುವ ಬೆಳಕು ಕೆಲವು ಮಕ್ಕಳಿಗೆ ಫಿಟ್ಸ್ ತರಿಸಬಹುದು.

ಬಲೂನು ಹಾಕುವ ಮುಂಚೆ ಎರಡು ಸಲ ಯೋಚಿಸಿ. ಒಡೆದ ಬಲೂನಿನ ಚೂರು ಚಿಕ್ಕ ಮಕ್ಕಳ ಗಂಟಲಿಗೆ ಅಂಟಿಕೊಂಡು ಉಸಿರು ಕಟ್ಟಿಸುತ್ತದೆ. ಬಲೂನಿನ ರಬ್ಬರಿಗೆ, ಅಂದರೆ ಲೇಟೆಕ್ಸಿಗೆ, ಅಲರ್ಜಿ ಇರುವವರಿಗೆ ಅದು ಇರುವ ಕೋಣೆಯೇ ಅಪಾಯ.

ಶಿಕ್ಷಕರ ಮೂಳೆಯೂ ಮೂಳೆಯೇ ಅಲ್ವಾ? ಬೆಂಚಿನ ಮೇಲೆ ಕುರ್ಚಿ ಇಟ್ಟು ಹತ್ತಬೇಡಿ. ಏಣಿ ತನ್ನಿ, ಒಬ್ಬರು ಹಿಡಿದುಕೊಳ್ಳಲಿ. ಗ್ಲೂ ಗನ್ ದೊಡ್ಡವರ ಕೈಯಲ್ಲಷ್ಟೇ ಇರಲಿ.

ಕೊನೆಗೆ ಮೊಣಕಾಲೂರಿ ಮಗುವಿನ ಎತ್ತರದಿಂದ ಕೋಣೆ ನೋಡಿ. ಟೇಪಿನ ತುದಿ, ಪಿನ್ನು, ಎಳೆದರೆ ಬೀಳುವ ತಂತಿ, ಎಲ್ಲವೂ ಆಗಲೇ ಕಾಣುವುದು.

6. ಹಿಂದಿನ ದಿನ: ಒಮ್ಮೆ ನಡೆದು ನೋಡಿ

ಕಾರ್ಯಕ್ರಮದ ಜಾಗದಿಂದ ಹೊರಗಿನ ಸೇರುವ ಜಾಗದವರೆಗೆ ಮಕ್ಕಳನ್ನು ಒಮ್ಮೆ ನಡೆಸಿ. ಗಾಲಿಕುರ್ಚಿಯ ಮಗುವನ್ನು ಯಾರು, ಯಾವ ದಾರಿಯಲ್ಲಿ ಕರೆದೊಯ್ಯುತ್ತಾರೆ ಅನ್ನುವುದು ಹೆಸರು ಸಮೇತ ತೀರ್ಮಾನವಾಗಲಿ.

ಸದ್ದಿಲ್ಲದ ಒಂದು ಕೋಣೆ ಗೊತ್ತು ಮಾಡಿ. ಅಲ್ಲಿ ಒಬ್ಬರು ದೊಡ್ಡವರು, ಮಂದ ಬೆಳಕು, ಒಂದೆರಡು ಪುಸ್ತಕ. ಯಾವ ಮಗುವಾದರೂ ಕಾರಣ ಹೇಳದೆ ಅಲ್ಲಿಗೆ ಹೋಗಬಹುದು, ಮತ್ತೆ ವಾಪಸ್ ಬರಬಹುದು. ಶಿಕ್ಷೆಗೆ ಕಳಿಸುವ ಕೋಣೆಯನ್ನೇ ಇದಕ್ಕೆ ಬಳಸಬೇಡಿ. ದಿನಚರಿ ಬದಲಾದರೆ ಗಾಬರಿಯಾಗುವ ಮಕ್ಕಳಿಗೆ ನಾಳೆಯ ಕ್ರಮವನ್ನು ಚಿತ್ರ ಸಮೇತ ಇವತ್ತೇ ತೋರಿಸಿ.

ಯಾವ ಮಗುವನ್ನು ಯಾರು ಕರೆದುಕೊಂಡು ಹೋಗಬಹುದು ಅನ್ನುವ ಪಟ್ಟಿ ಗೇಟಿನಲ್ಲಿರಲಿ. ಮಗುವಿನ ವಿಷಯ ಕೋರ್ಟಿನಲ್ಲಿದ್ದರೆ ಗೇಟಿನವರಿಗೆ ಅದು ಖಂಡಿತ ಗೊತ್ತಿರಬೇಕು. ಬದಲಿ ಶಿಕ್ಷಕರ ಕೈಗೆ ಅಲರ್ಜಿ ಪಟ್ಟಿ ಕೊಡುವುದನ್ನು ಮರೆಯುವವರೇ ಜಾಸ್ತಿ. ಅವರನ್ನು ಹುಡುಕಿಕೊಂಡು ಹೋಗಿ ಕೊಡಿ.

7. ಆ ದಿನ: ಏನು ಗಮನಿಸಬೇಕು

ಜಾಗ ಬದಲಿಸಿದಾಗಲೆಲ್ಲ ತಲೆ ಎಣಿಸಿ. ವೇಷ ಹಾಕಿದ ಮೇಲೆ ಮುಖ ಗುರುತು ಸಿಗುವುದಿಲ್ಲ, ಹಾಗಾಗಿ ಹೆಸರು ಕರೆದು ಎಣಿಸುವುದು ಒಳ್ಳೆಯದು. ಪೋಷಕರು ಫೋಟೋ ತೆಗೆಯುತ್ತಾರೆ. ಯಾವ ಮಗುವಿನ ಫೋಟೋ ಹೊರಗೆ ಹೋಗಬಾರದು ಅಂತ ನಿಮಗೆ ಗೊತ್ತಿರಲಿ, ಶುರುವಾಗುವ ಮೊದಲೇ ಮೈಕಿನಲ್ಲಿ ಎಲ್ಲರಿಗೂ ಕೇಳಿಕೊಳ್ಳಿ.

ಎಚ್ಚರಿಕೆಯ ಗುರುತುಗಳು ಸಣ್ಣವಾಗಿರುತ್ತವೆ. ಬೆಳಗ್ಗೆಯಿಂದ ಹೊಟ್ಟೆನೋವು ಅನ್ನುವ ಮಗು. ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿದ ಮಗು. "ನಾನು ತರೋದು ಮರೆತೆ" ಅಂತ ಎರಡನೇ ಸಲ ಹೇಳುವ ಮಗು. ಅದಕ್ಕೆ ಮರೆವು ಕಾರಣ ಇರಲಾರದು. ರಜೆ ಹತ್ತಿರ ಬಂದಂತೆ ಎಲ್ಲರೂ ಕುಣಿಯುವಾಗ ಒಂದು ಮಗು ಮಂಕಾಗುತ್ತಾ ಹೋದರೆ ಪಕ್ಕಕ್ಕೆ ಕರೆದು ಮಾತಾಡಿಸಿ. ಮನೆಯೇ ಕಷ್ಟದ ಜಾಗವಾಗಿರುವ ಮಕ್ಕಳಿಗೆ ರಜೆ ಸಂತೋಷದ ಸುದ್ದಿ ಅಲ್ಲ. ಮಗು ಏನಾದರೂ ಹೇಳಿದರೆ ಸುಮ್ಮನೆ ಕೇಳಿಸಿಕೊಳ್ಳಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. ಮಗು ಹೇಳಿದ ಮಾತುಗಳಲ್ಲೇ ಬರೆದು, ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಅದೇ ದಿನ ತಲುಪಿಸಿ.

8. ಏನಾದರೂ ಆದರೆ

ಸುಟ್ಟ ಗಾಯ: ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ. ಐಸ್, ಟೂತ್‌ಪೇಸ್ಟ್, ಎಣ್ಣೆ ಬೇಡ.

ತೀವ್ರ ಅಲರ್ಜಿ: ತುಟಿ ನಾಲಿಗೆ ಊತ, ಗಂಟಲು ಗೊಗ್ಗರು, ಉಸಿರಾಟದ ಕಷ್ಟ, ಮೈ ಸಡಿಲವಾಗುವುದು. ಅಡ್ರಿನಲಿನ್ ಪೆನ್ನನ್ನು ತೊಡೆಯ ಹೊರಭಾಗಕ್ಕೆ ಕೊಡಿ, ಆಂಬುಲೆನ್ಸ್ ಕರೆಸಿ. ಮಗುವನ್ನು ಮಲಗಿಸಿ, ಉಸಿರು ಕಷ್ಟವಾದರೆ ಕೂರಿಸಿ. ನಡೆಸಬೇಡಿ. ಸುಧಾರಿಸದಿದ್ದರೆ, ಪೆನ್ ಇನ್ನೊಂದು ಇದ್ದರೆ, 5 ನಿಮಿಷದ ಮೇಲೆ ಎರಡನೆಯದು. "ಸ್ವಲ್ಪ ನೋಡೋಣ" ಅಂತ ಕಾಯುವುದೇ ಇಲ್ಲಿನ ದೊಡ್ಡ ತಪ್ಪು.

ಬಟನ್ ಸೆಲ್ ನುಂಗಿದ ಅನುಮಾನ: ವಾಂತಿ ಮಾಡಿಸಬೇಡಿ. ಮಗು ಆರಾಮಾಗಿ ಕಂಡರೂ ಕೂಡಲೇ ಎಕ್ಸ್‌ರೇ ಇರುವ ಆಸ್ಪತ್ರೆಗೆ.

ಮಾತಿನ ಗಾಯ: "ನಿಮ್ಮ ದೇವರು ವಿಚಿತ್ರ" ಅಂತ ಒಂದು ಮಗು ಇನ್ನೊಂದಕ್ಕೆ ಹೇಳಿದರೆ ಕೇಳದವರಂತೆ ಇರಬೇಡಿ. ಆ ಕ್ಷಣದಲ್ಲೇ, ಶಾಂತವಾಗಿ: "ಬೇರೆ ಮನೆಯಲ್ಲಿ ಬೇರೆ ಥರ ಮಾಡ್ತಾರೆ. ಈ ತರಗತಿಯಲ್ಲಿ ಯಾರ ಮನೆಯನ್ನೂ ಆಡಿಕೊಳ್ಳಲ್ಲ." ಆಮೇಲೆ ಇಬ್ಬರ ಹತ್ತಿರವೂ ಬೇರೆ ಬೇರೆಯಾಗಿ ಮಾತಾಡಿ. ನೋವಾದ ಮಗುವಿನ ಹತ್ತಿರ ಮೊದಲು ಹೋಗಿ.

9. ಮುಗಿದ ಮೇಲೆ

ಪ್ಲಗ್‌ಗಳನ್ನು ಅದೇ ದಿನ ತೆಗೆಯಿರಿ. ಅಲಂಕಾರ ರಜೆ ಪೂರ್ತಿ ಖಾಲಿ ಕಟ್ಟಡದಲ್ಲಿ ನೇತಾಡುವುದು ಬೇಡ. ಉಳಿದ ತಿಂಡಿಯನ್ನು ತರಗತಿಯಲ್ಲಿ ಇಡಬೇಡಿ.

ಒಂದು ವಾರದೊಳಗೆ ಸ್ಟಾಫ್ ಮೀಟಿಂಗಿನಲ್ಲಿ ಹತ್ತು ನಿಮಿಷ ಇದಕ್ಕೆ ಇಡಿ. ಯಾವ ಮಗು ಹೊರಗುಳಿಯಿತು, ಎಲ್ಲಿ ಪೆಟ್ಟಾಗುವುದು ಸ್ವಲ್ಪದರಲ್ಲಿ ತಪ್ಪಿತು, ಯಾವ ಫಾರ್ಮ್ ಬರಲೇ ಇಲ್ಲ, ಇವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಯಾ, ಗೇಟಿನವರು, ವ್ಯಾನ್ ಡ್ರೈವರ್‌ ಅವರನ್ನೂ ಕೇಳಿ. ನಮಗೆ ಕಾಣದ್ದು ಅವರಿಗೆ ಕಂಡಿರುತ್ತದೆ.

ಆಮೇಲೆ ಅಲಂಕಾರದ ಸಾಮಾನನ್ನು ಡಬ್ಬಿಗೆ ತುಂಬಿ. ಮುಚ್ಚಳದ ಒಳಗಡೆ ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿ: "ಇದನ್ನು ಬಿಚ್ಚುವ ಮೊದಲು ಮನೆಗಳಿಗೆ ಫಾರ್ಮ್ ಹೋಗಿದೆಯಾ?"